ಕೊಸರು ಕಂಬ

ಹನುಮಕ್ಕನಿಗೆ ಆ ತಪ್ಪು ಕಣ್ಣಿಗೆ ಬಿದ್ದದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು, ಮಾಡಲು ಬೇರೇನೂ ಇಲ್ಲದೆ ಕೂತಿದ್ದಾಗ. ಕೈತುಂಬ ಕೆಲಸವಿದ್ದಿದ್ದರೆ ಅದು ಬೀಳುತ್ತಲೇ ಇರಲಿಲ್ಲ. ಇಪ್ಪತ್ತೆಂಟು ವರ್ಷ ಯಾರ ಕಣ್ಣಿಗೂ ಬೀಳದೆ ತಣ್ಣಗೆ ಕೂತಿದ್ದ ತಪ್ಪು ಅದು. ಇನ್ನು ಹನ್ನೊಂದು ದಿನ ಹಾಗೇ ಕೂತಿದ್ದರೆ, ಆಮೇಲೆ ಗೊತ್ತಾದರೂ ಒಂದೇ, ಗೊತ್ತಾಗದಿದ್ದರೂ ಒಂದೇ ಆಗುತ್ತಿತ್ತು.

ಹಿರಿಯೂರಿನಾಚೆ ಬಟಾಬಯಲಿನಲ್ಲಿ ತಡೆಸಾಲು ಕೇಂದ್ರವಿದೆ. ಅದರ ಲೆಕ್ಕದ ಮನೆಯಲ್ಲಿ ಹನುಮಕ್ಕನದು ಮೂವತ್ತು ವರ್ಷದ ನೌಕರಿ. ವಯಸ್ಸು ಐವತ್ತೆರಡು, ಎಡಮಂಡಿ ಆಗಲೇ ಕೈಕೊಟ್ಟಿತ್ತು. ಅವಳು ಕಾಯುತ್ತಿದ್ದದ್ದು ಒಂದು ಹಡಗನ್ನು. ಹಡಗೆಂದರೆ ನೀರಿನದಲ್ಲ, ಆಕಾಶದ್ದು. ಅದಕ್ಕೆ ಸರ್ಕಾರ ಇಟ್ಟ ಉದ್ದನೆಯ ಹೆಸರೊಂದಿತ್ತು, ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ. ಬೇರೊಂದು ಸೂರ್ಯನ ಸುತ್ತ ತಿರುಗುವ ನೆಲದಿಂದ ಕಲ್ಲು, ಮಣ್ಣು, ಮಂಜುಗಡ್ಡೆ ತುಂಬಿಕೊಂಡು ಬರಲು ಹೋದದ್ದಲ್ಲವೇ, ಜನ ಅದನ್ನು ಬುಟ್ಟಿ ಅಂದರು. ಬುಟ್ಟಿ ಹೋಗಿ ನಲವತ್ನಾಲ್ಕು ವರ್ಷವಾಗಿತ್ತು. ಹನ್ನೊಂದು ಜನ ಹೋಗಿದ್ದರು, ಅವರಲ್ಲಿ ಒಬ್ಬಳು ಹನುಮಕ್ಕನ ತಾಯಿ ಸೂರಮ್ಮ.

ಹೋಗುವಾಗ ಸೂರಮ್ಮನಿಗೆ ಮೂವತ್ತು, ಮಗಳಿಗೆ ಎಂಟು. ಬೆಳಕಿನ ವೇಗಕ್ಕೆ ಹತ್ತಿರ ಹತ್ತಿರ ಓಡುವವರಿಗೆ ಕಾಲ ನಿಧಾನ ಎನ್ನುವುದು ಈಗ ಹಿರಿಯೂರಿನ ಚಹದಂಗಡಿಯವನಿಗೂ ಗೊತ್ತು. ಇಲ್ಲಿ ನಲವತ್ನಾಲ್ಕು ಕಳೆದರೆ ಬುಟ್ಟಿಯೊಳಗೆ ಕಳೆದದ್ದು ಇಪ್ಪತ್ನಾಲ್ಕು. ಅಂದರೆ ತಾಯಿಗೆ ಈಗ ಐವತ್ನಾಲ್ಕು, ಮಗಳಿಗೆ ಐವತ್ತೆರಡು. ಬಂದಿಳಿದರೆ ಅಕ್ಕತಂಗಿ ಅಂದಾರು. ಆ ಮಾತನ್ನು ಜನ ತಮಾಷೆಗೆ ಹೇಳಿದಾಗ ಹನುಮಕ್ಕ ನಗುತ್ತಿರಲಿಲ್ಲ. ಎಂಟು ವರ್ಷದ ಮಗುವನ್ನು ಬಿಟ್ಟು ಕಲ್ಲು ಆಯಲು ಹೋದವಳು ಎಂದು ಅವಳಿಗೆ ಒಳಗೊಳಗೇ ಸಿಟ್ಟಿತ್ತು. ಆ ಸಿಟ್ಟು ಕೂಡ ಹಳತಾಗಿ, ಸವೆದು, ಈಗ ಬರೀ ಆಯಾಸವಾಗಿತ್ತು. ಅಮ್ಮ ಹೋದ ವಾರವೇ ಅವಳ ಸ್ಲೇಟೂ ಕಳೆದುಹೋಗಿ, ಶಾಲೆಯಲ್ಲಿ ಮೇಷ್ಟ್ರಿಂದ ಅಂಗೈ ಕೆಂಪಾಗುವಷ್ಟು ಏಟು ತಿಂದಿದ್ದಳು. ಅಮ್ಮನ ಮುಖಕ್ಕಿಂತ ಆ ಏಟೇ ಅವಳಿಗೆ ಚೆನ್ನಾಗಿ ನೆನಪಿದೆ.

ಬುಟ್ಟಿ ಹೊತ್ತೊಯ್ದ ಇಂಧನ ಅಲ್ಲಿ ನಿಲ್ಲಲು, ಮತ್ತೆ ಅಲ್ಲಿಂದ ಹೊರಡಲು ಸಾಕಾಗಿತ್ತು. ಇಲ್ಲಿ ಬಂದು ನಿಲ್ಲಲು ಅದರಲ್ಲಿ ತೊಟ್ಟೂ ಉಳಿದಿರುವುದಿಲ್ಲ. ನಿಲ್ಲಿಸುವ ಹೊಣೆ ನಮ್ಮದು. ಅದಕ್ಕೇ ಅದು ಬರುವ ದಾರಿಯಲ್ಲಿ ಕಂಬ ನೆಟ್ಟದ್ದು. ರಸ್ತೆ ಬದಿಗೆ ಸಾಲುಮರ ನೆಟ್ಟ ಹಾಗೆ, ಆಕಾಶದಲ್ಲಿ ಒಂದರ ಹಿಂದೊಂದು ಮೂರು ಲಕ್ಷ ಅಯಸ್ಕಾಂತದ ಕಂಬ. ಬುಟ್ಟಿ ಪಕ್ಕದಲ್ಲಿ ಹಾದಾಗ ಪ್ರತಿ ಕಂಬವೂ ಅದರ ಓಟವನ್ನು ಒಂದು ತುತ್ತು ಕಚ್ಚಿಕೊಳ್ಳುತ್ತದೆ. ಕಚ್ಚಿಸಿಕೊಳ್ಳುತ್ತ, ಕಚ್ಚಿಸಿಕೊಳ್ಳುತ್ತ ಬುಟ್ಟಿ ಕೊನೆಯ ಕಂಬದ ಹತ್ತಿರ ಸುಮ್ಮನೆ ನಿಲ್ಲಬೇಕು. ಸಾಲು ಎಷ್ಟು ಉದ್ದವೆಂದರೆ ಇಲ್ಲಿಂದ ಕೂಗಿದ ಸುದ್ದಿ ಮೊದಲ ಕಂಬ ಮುಟ್ಟಲು ಒಂಬತ್ತು ತಿಂಗಳು ಬೇಕು, ಅದೂ ಬೆಳಕಿನ ವೇಗದಲ್ಲಿ.

ಎಷ್ಟು ಕಂಬ ಬೇಕು ಎಂದು ಲೆಕ್ಕ ಹಾಕಿದವನು ಜಂಪಣ್ಣ. ಸೂರಮ್ಮನ ಗಂಡ, ಹನುಮಕ್ಕನ ಅಪ್ಪ, ಈಗ ಎಂಬತ್ತು ದಾಟುತ್ತಿರುವ ಮನುಷ್ಯ.

ಅಷ್ಟು ದೊಡ್ಡ ಲೆಕ್ಕವನ್ನು ಯಂತ್ರಕ್ಕೆ ಬಿಡದೆ ಕೈಯಲ್ಲೇಕೆ ಮಾಡಿದರು ಎಂದು ಈಗಿನವರಿಗೆ ಅನ್ನಿಸಬಹುದು. ಬುಟ್ಟಿ ಹೊರಡುವ ಮುಂಚೆಯೇ ಯಂತ್ರಗಳು ನಯವಾಗಿ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದವು. ಎರಡು ಅಣೆಕಟ್ಟು, ಒಂದು ಸೇತುವೆ ಹೋದ ಮೇಲೆ ಕಾನೂನು ಬಂತು. ಮನುಷ್ಯರ ಜೀವ ತಟ್ಟುವ ಯಾವ ಲೆಕ್ಕವೇ ಆಗಲಿ, ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಕೈಯಲ್ಲಿ ಮಾಡಬೇಕು. ಇಬ್ಬರ ಉತ್ತರವೂ ತಾಳೆಯಾದರೆ ಮೊಹರು. ಇದಕ್ಕೆ ಎದುರು ಲೆಕ್ಕ ಎಂದು ಹೆಸರು. ಶಾಲೆಗಳಿಗೆ ಸ್ಲೇಟು ವಾಪಸು ಬಂದದ್ದೂ ಆಗಲೇ. ಜಂಪಣ್ಣ ಒಂದು ಕೋಣೆಯಲ್ಲಿ ಕೂತಾಗ ಇನ್ನೊಂದು ಕೋಣೆಯಲ್ಲಿ ಕೂತವಳು ಇಪ್ಪತ್ನಾಲ್ಕು ವರ್ಷದ ಹನುಮಕ್ಕನೇ. ಇಬ್ಬರದೂ ಕಡೆಯ ಅಂಕಿಯವರೆಗೆ ತಾಳೆಯಾಗಿತ್ತು. ಅವತ್ತು ಇಡೀ ಕೇಂದ್ರಕ್ಕೆ ಪೇಡ ಹಂಚಿದ್ದರು.

ಇಪ್ಪತ್ತೆಂಟು ವರ್ಷವಾದ ಮೇಲೆ, ಈ ಮಧ್ಯಾಹ್ನ, ಅವಳ ಮುಂದಿದ್ದದ್ದು ಪ್ರೇಕ್ಷಕರ ಕೋಣೆಗೆ ಬರೆಯಬೇಕಾದ ಒಂದು ಬೋರ್ಡು, ಅಷ್ಟೇ. ಒಂದು ಕಂಬ ಏನು ಮಾಡುತ್ತದೆ ಎಂದು ಯಾರಿಗಾದರೂ ತಿಳಿಯುವ ಹಾಗೆ ಬರೆಯಿರಿ ಅಂದಿದ್ದರು. ಹನುಮಕ್ಕ ಯೋಚಿಸಿ ಬರೆದಳು: "ಬುಟ್ಟಿ ನಿಂತಾಗ ಅದರ ಭಾರ ನಾನೂರು ಟನ್. ಈಗ ಓಡುತ್ತಿರುವ ವೇಗದಲ್ಲಿ ನಮ್ಮ ಪಾಲಿಗೆ ಅದರ ಭಾರ ಎಂಟುನೂರು ಟನ್. ಹೆಚ್ಚಾದ ಭಾರವೆಂದರೆ ಬೇರೇನಲ್ಲ, ಅದರ ಓಟವೇ. ಒಂದೊಂದು ಕಂಬ ಆ ಹೆಚ್ಚಿನ ಭಾರದಲ್ಲಿ ಒಂದೊಂದು ಕೆ.ಜಿ. ಕಿತ್ತುಕೊಳ್ಳುತ್ತದೆ."

ಚೆನ್ನಾಗಿದೆ ಅನ್ನಿಸಿತು. ಕಂಬ ಮಾಡಿದ ಕಾರ್ಖಾನೆಯವರ ಹಾಳೆಯಲ್ಲಿ ಇದ್ದದ್ದೂ ಅಷ್ಟೇ, ಒಂದು ಕಂಬ ನುಂಗಬಲ್ಲ ಶಕ್ತಿಯನ್ನು ತೂಕಕ್ಕೆ ತಿರುಗಿಸಿದರೆ ಸರಿಯಾಗಿ ಒಂದು ಕೆ.ಜಿ. ಕೆಳಗೆ ಇನ್ನೊಂದು ಸಾಲು ಸೇರಿಸೋಣವೆಂದು ಪೆನ್ನೆತ್ತಿದಳು: ಹೆಚ್ಚಿನ ಭಾರ ನಾನೂರು ಟನ್, ಅಂದರೆ ನಾಲ್ಕು ಲಕ್ಷ ಕೆ.ಜಿ., ಅದಕ್ಕೇ ನಾವು ನೆಟ್ಟ ಕಂಬ...

ಪೆನ್ನು ಅಲ್ಲೇ ನಿಂತಿತು. ನೆಟ್ಟದ್ದು ಮೂರು ಲಕ್ಷ.

ಅವಳು ಬೆರಳು ಮಡಿಚಿ ಎಣಿಸಿದಳು, ಎರಡನೇ ಕ್ಲಾಸಿನ ಹುಡುಗಿಯ ಹಾಗೆ. ಆಮೇಲೆ ಬೀರುವಿನಿಂದ ಮೊಹರು ಹಾಕಿದ ಹಳೆಯ ಕಡತ ತೆಗೆದಳು. ಅಪ್ಪನ ಕೈಬರಹ. ಓಡುವ ವಸ್ತುವಿನ ಶಕ್ತಿಗೆ ಶಾಲೆಯಲ್ಲಿ ಎಲ್ಲರೂ ಕಲಿತ ಹಳೆಯ ಸೂತ್ರ: ಭಾರದ ಅರ್ಧ, ಅದಕ್ಕೆ ವೇಗದ ವರ್ಗ. ಭಾರದ ಜಾಗದಲ್ಲಿ ಅಪ್ಪ ಎಂಟುನೂರು ಹಾಕಿದ್ದ. ಅರ್ಧ ನಾನೂರು. ಬೆಳಕಿನದು ಒಂದು ಎಂದರೆ ಬುಟ್ಟಿಯ ವೇಗದ ವರ್ಗ ಮುಕ್ಕಾಲು. ನಾನೂರರ ಮುಕ್ಕಾಲು ಮುನ್ನೂರು. ಮೂರು ಲಕ್ಷ ಕಂಬ. ಪಕ್ಕದಲ್ಲಿ ಅವಳದೇ ಹಾಳೆ, ಅದರಲ್ಲೂ ಅದೇ.

"ಹಳೇ ಸೂತ್ರ, ಹೊಸ ಭಾರ." ಅಪ್ಪ ಪಾಠ ಹೇಳುವಾಗ ಮೇಜು ಕುಟ್ಟಿ ಹೇಳಿಕೊಡುತ್ತಿದ್ದ ಮಾತು. ವೇಗ ಹೆಚ್ಚಿದರೆ ಭಾರ ಹೆಚ್ಚುತ್ತದೆ. ಹೆದರಬೇಡಿ, ಹಳೆಯ ಸೂತ್ರದಲ್ಲೇ ಹೊಸ ಭಾರ ಹಾಕಿ, ಮುಂದೆ ಹೋಗಿ. ಈ ಕೇಂದ್ರದ ಲೆಕ್ಕದವರೆಲ್ಲ ಅವನ ಹತ್ತಿರ ಕಲಿತವರೇ. ಆ ಮಾತು ಎಷ್ಟೋ ಲೆಕ್ಕಕ್ಕೆ ನಡೆಯುತ್ತದೆ. ಈ ಒಂದಕ್ಕೆ ನಡೆಯುವುದಿಲ್ಲ. ಎರಡು ಕೋಣೆ ಮಾಡಿ ಏನು ಬಂತು, ಎರಡರಲ್ಲೂ ಕೂತವರು ಒಂದೇ ಬಾಯಿಪಾಠ ಒಪ್ಪಿಸಿದ್ದರು.

ಒಂದು ಲಕ್ಷ ಕಂಬ ಕಡಿಮೆ. ಹಾಗಾದರೆ ಬುಟ್ಟಿ ಕೊನೆಯ ಕಂಬದ ಹತ್ತಿರ ನಿಲ್ಲುವುದಿಲ್ಲ. ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ನಮ್ಮನ್ನು ದಾಟಿ, ಹನ್ನೊಂದು ಜನರನ್ನೂ ಹೊತ್ತುಕೊಂಡು, ಇನ್ನೆಲ್ಲೂ ಕಂಬವಿಲ್ಲದ ಕಡೆಗೆ ಹೋಗಿಬಿಡುತ್ತದೆ. ಇನ್ನೊಂದು ಲಕ್ಷ ನೆಡಲು ಒಂಬತ್ತು ವರ್ಷ ಬೇಕು. ಬುಟ್ಟಿ ಮೊದಲ ಕಂಬ ಮುಟ್ಟಲು ಉಳಿದದ್ದು ಒಂಬತ್ತು ತಿಂಗಳು ಹನ್ನೊಂದು ದಿನ. ಒಂಬತ್ತು ತಿಂಗಳು ಸುದ್ದಿಯ ದಾರಿಗೇ ಬೇಕು, ಸುದ್ದಿ ಕಳಿಸಲು ಇರುವುದು ಹನ್ನೊಂದೇ ದಿನ.

ಹನುಮಕ್ಕ ಬೋರ್ಡಿನ ಹಾಳೆ ಮಡಿಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡಳು. ಅಳು ಬರಲಿಲ್ಲ. ಇದನ್ನೂ ನಾನೇ ನೋಡಬೇಕಾಗಿತ್ತಾ ಎಂದು ಮಾತ್ರ ಅನ್ನಿಸಿತು.

ಡೈರೆಕ್ಟರ್ ಸದಾನಂದ ಅಲೆವೂರರು ಕರಾವಳಿಯ ಕಡೆಯವರು, ಒಳ್ಳೆಯ ಮನುಷ್ಯರು, ನಿವೃತ್ತಿಗೆ ಒಂದು ವರ್ಷವಿತ್ತು. ಹಾಳೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ನೀವು ಹೇಳುವುದು ಎಂತ ಹನುಮಕ್ಕ? ಇಷ್ಟು ವರ್ಷ ಯಾರಿಗೂ ಕಾಣದ್ದು ಬೋರ್ಡು ಬರೆಯುವಾಗ ಕಂಡಿತಾ?"

"ಬೋರ್ಡಿಗೆ ಅಂತ ಸುಲಭ ಮಾಡೋಕೆ ಹೋದೆ ಸಾರ್. ಸುಲಭ ಮಾಡಿದ ಕೂಡಲೇ ಕಾಣಿಸ್ತು."

"ದಾರಿ ಉಂಟಾ ಈಗ?"

"ಒಂದೇ ಐತೆ. ಬುಟ್ಟಿನೇ ಹಗುರ ಆಗಬೇಕು. ನಾನೂರು ಟನ್ನಿನಲ್ಲಿ ನೂರು ಟನ್ ಚೆಲ್ಲಿದ್ರೆ ಉಳಿಯೋದು ಮುನ್ನೂರು. ಮುನ್ನೂರಕ್ಕೆ ಹೆಚ್ಚಿನ ಭಾರಾನೂ ಮುನ್ನೂರೇ. ಇರೋ ಕಂಬ ಸಾಕು."

ನೂರು ಟನ್ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಬುಟ್ಟಿಯ ಗೋಡೆ, ನೀರು, ಉಸಿರು ಇವನ್ನು ಚೆಲ್ಲುವಂತಿಲ್ಲ. ಚೆಲ್ಲಬಹುದಾದ್ದು ಅವರು ಅಲ್ಲಿ ನಾಲ್ಕು ವರ್ಷ ಕೂತು ಆಯ್ದದ್ದನ್ನೇ. ಆ ಕಲ್ಲಿನಲ್ಲಿ, ಆ ಮಂಜುಗಡ್ಡೆಯಲ್ಲಿ ಜೀವವಿದೆಯೋ ಇಲ್ಲವೋ ಎಂದು ಎರಡು ತಲೆಮಾರು ಕಾದಿತ್ತು. ದಾವಣಗೆರೆಯಲ್ಲಿ ಅದನ್ನಿಡಲು ಕಟ್ಟಡವೇ ಎದ್ದಿತ್ತು.

"ನೀವು ಹೇಳಿದ್ದೇ ತಪ್ಪಾದರೆ? ಸುಮ್ಮನೆ ಎಲ್ಲ ಚೆಲ್ಲಿಸಿದ ಹಾಗಾಗುತ್ತದೆ. ಎದುರು ಲೆಕ್ಕ ಇಲ್ಲದೆ ನಾನು ಒಂದಕ್ಷರ ಕಳಿಸುವ ಹಾಗಿಲ್ಲ ಮಾರಾಯ್ರೆ, ಕಾನೂನು ಉಂಟು. ಮಾಡುವವರು ಯಾರು ಹೇಳಿ? ಇಲ್ಲಿರುವವರೆಲ್ಲ ನಿಮ್ಮ ತಂದೆಯ ಶಿಷ್ಯರು. ಅವರು ಬೇರೆ ಉತ್ತರ ತಂದರೆ ಸಮಿತಿ ಕೂರಬೇಕು, ಸಮಿತಿ ಕೂತರೆ ಒಂದು ತಿಂಗಳು."

ಹನುಮಕ್ಕ ಕಿಟಕಿಯ ಕಡೆ ನೋಡಿದಳು. ಹೊರಗೆ ದೊಡ್ಡ ತಟ್ಟೆಯ ಆಂಟೆನಾ ಬಿಸಿಲಿಗೆ ಅಂಗಾತ ಬಿದ್ದ ಹಾಗಿತ್ತು.

"ಮೊದಲನೇ ಸಲ ಲೆಕ್ಕ ಮಾಡಿದವರೇ ತಪ್ಪು ಒಪ್ಪಿ ಸಹಿ ಹಾಕಿದ್ರೆ ಸಮಿತಿ ಬೇಕಾಗಲ್ಲ, ಅಲ್ವಾ ಸಾರ್?"

ಅಲೆವೂರರು ಕನ್ನಡಕ ಮತ್ತೆ ಹಾಕಿಕೊಂಡರು. "ನೀವೇ ಕೇಳ್ತೀರಾ ಅವರನ್ನು?" ಎಂದು ಕೇಳಿದರು.

"ಇನ್ಯಾರು ಕೇಳ್ತಾರೆ?" ಅಂದಳು ಹನುಮಕ್ಕ.

ಜಂಪಣ್ಣ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಕಿವಿ ಸ್ವಲ್ಪ ಮಂದ, ಕೈ ಸ್ವಲ್ಪ ನಡುಕ, ತಲೆ ಮಾತ್ರ ಚುರುಕು. ಇನ್ನೊಂದು ಮದುವೆಯ ಮಾತು ಯಾರಾದರೂ ಎತ್ತಿದರೆ, "ಅವಳು ಬರ್ತಾಳಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ. ಕೇಂದ್ರದಲ್ಲಿ ಅವನ ಹೆಸರಿಗೆ ಎರಡು ಕತೆಗಳಿದ್ದವು. ಒಂದು ಆ ಪೇಡದ್ದು. ಇನ್ನೊಂದು ಕೊಸರು ಕಂಬದ್ದು. ಅವನ ತಾಯಿ ಹಿರಿಯೂರು ಸಂತೆಯಲ್ಲಿ ಕಡಲೆಕಾಯಿ ಅಳೆದು ಮಾರುತ್ತಿದ್ದವಳು. ಸೇರು ತುಂಬಿಸಿ ಸುರಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸಿದವಳಲ್ಲ. ಮೂರು ಲಕ್ಷ ಕಂಬ ಕಳಿಸಿ ಮುಗಿದ ದಿನ ಜಂಪಣ್ಣ ಉಗ್ರಾಣದಲ್ಲಿ ಮಿಕ್ಕಿದ್ದ ಒಂದು ಕಂಬವನ್ನು ಯಾರನ್ನೂ ಕೇಳದೆ ಸಾಲಿನ ತುದಿಗೆ ಕಳಿಸಿಬಿಟ್ಟಿದ್ದ. ವಿವರಣೆ ಕೇಳಿ ಮೆಮೊ ಬಂತು. "ಕೊಸರು" ಎಂದು ಒಂದೇ ಪದ ಬರೆದು ಸಹಿ ಹಾಕಿ ಕೊಟ್ಟಿದ್ದ. ಆ ಕಂಬ ಸರ್ಕಾರದ ಪಟ್ಟಿಯಲ್ಲಿ ಇಲ್ಲ, ಬುಟ್ಟಿಗೆ ಕಳಿಸಿದ ಪಟ್ಟಿಯಲ್ಲೂ ಇಲ್ಲ. ಸಾಲಿನಲ್ಲಿ ಮಾತ್ರ ಇದೆ.

ಹನುಮಕ್ಕ ಚಾಪೆಯ ಮೇಲೆ ಕೂತು ಎರಡು ಕಾಯಿ ಸುಲಿದಳು.

"ಅಪ್ಪಾ, ಬುಟ್ಟಿ ನಿಂತಾಗ ಎಷ್ಟು ಟನ್ನು?"

"ಏನು, ಪರೀಕ್ಷೆನಾ? ನಾನೂರು."

"ಓಡೋವಾಗ?"

"ಎಂಟ್ನೂರು. ನಮ್ಮ ಪಾಲಿಗೆ. ಒಳಗಿರೋರಿಗೆ ನಾನೂರೇ. ಅವರ ತಟ್ಟೆ ಲೋಟ ಏನೂ ಭಾರ ಆಗಿರಲ್ಲ."

"ಇಲ್ಲಿ ಬಂದು ನಿಂತ್ಮೇಲೆ ನಮ್ಮ ಪಾಲಿಗೆ ಎಷ್ಟು?"

"ಮತ್ತೆ ನಾನೂರು. ನಿಂತ್ಮೇಲೆ ಹೆಚ್ಚಿಂದು ಎಲ್ಲಿರ್ತೈತೆ?"

"ಆ ಹೆಚ್ಚಿಂದು ನಾನೂರು ಎಲ್ಲಿಗೆ ಹೋಯ್ತು?"

"ಕಂಬ ತಿಂದ್ವು." ಜಂಪಣ್ಣ ಸುಲಿದ ಕಾಳನ್ನು ಮೊರಕ್ಕೆ ಹಾಕಿದ. "ಇದನ್ನೆಲ್ಲ ನಿಂಗೆ ನಾನೇ ಹೇಳ್ಕೊಟ್ಟಿದ್ದು."

"ಒಂದು ಕಂಬ ಎಷ್ಟು ತಿಂತೈತೆ?"

"ಒಂದು ಕೆ.ಜಿ."

ಹನುಮಕ್ಕ ಮುಂದೆ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅಪ್ಪನ ಕೈ ಅವರೆಕಾಯಿಯ ಮೇಲೆ ನಿಂತದ್ದನ್ನು ಅವಳು ನೋಡಿದಳು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಜಂಪಣ್ಣ ಅಲುಗಲಿಲ್ಲ.

"ಯಾರ್ಯಾರಿಗೆ ಹೇಳಿದೀಯ?" ಎಂದು ಕೇಳಿದ.

"ಸಾಹೇಬರಿಗೆ ಒಬ್ಬರಿಗೇ."

"ನೀನೂ ಮಾಡಿದ್ದೆ ಆ ಲೆಕ್ಕಾನ."

"ಹೂಂ. ನಾನೂ ಮಾಡಿದ್ದೆ."

ಅವನು ಎದ್ದು ಒಳಗೆ ಹೋದ. ಊಟಕ್ಕೆ ಕರೆದರೆ ಬಂದ, ಮುದ್ದೆ ಮುರಿದು ನುಂಗಿದ, ಒಂದು ಮಾತಿಲ್ಲ. ಮರುದಿನವೂ ಹಾಗೇ. ಅದರ ಮರುದಿನವೂ. ಹನುಮಕ್ಕ ಕೇಂದ್ರಕ್ಕೆ ಹೋಗಿ ಬರುತ್ತಿದ್ದಳು. ಅಲೆವೂರರು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು, ಅಷ್ಟೇ. ಏಳು ದಿನ ಉಳಿಯಿತು, ಆರಾಯಿತು. ಸುದ್ದಿ ತಲುಪಿದ ಮೇಲೆ ಚೆಲ್ಲಲು ಅವರಿಗೂ ಹೊತ್ತು ಬೇಕಲ್ಲ. ಅಪ್ಪನ ಮೇಲೆ ರೇಗೋಣವೆಂದರೆ ಅವಳಿಗೆ ಅದಕ್ಕೂ ತ್ರಾಣವಿರಲಿಲ್ಲ. ಒಂದು ಗಳಿಗೆ, ಕೆಟ್ಟದ್ದೇ ಅನ್ನಿ, ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ ಎಂದೂ ಅನ್ನಿಸಿತು. ಮುಖವೇ ನೆನಪಿಲ್ಲದ ಹೆಂಗಸು. ಅಪ್ಪನ ಹೆಸರು ಉಳಿಯುತ್ತದೆ, ತನ್ನದೂ ಉಳಿಯುತ್ತದೆ. ಯಂತ್ರ ಕೆಟ್ಟಿತು ಎಂದು ಏನೋ ಒಂದು ಬರೆದರಾಯಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು, ಅವತ್ತು ಅನ್ನ ಸೇರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಜಂಪಣ್ಣ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಒಂದು ಹಾಳೆ. ನಾಲ್ಕೇ ಸಾಲಿನ ಲೆಕ್ಕ, ಕೆಳಗೆ ನಾಲ್ಕು ಲಕ್ಷ, ಅದರ ಕೆಳಗೆ ಸಹಿ.

"ಎಲ್ಲಿ ತಪ್ಪಿದೆ ಅಂತ ಹುಡುಕ್ದೆ ಕಣವ್ವ," ಅಂದ. "ಆ ಹೆಚ್ಚಿನ ಭಾರಾನ ನಾನು ಬುಟ್ಟಿಯೊಳಗೆ ಇಟ್ಟ ಕಲ್ಲು ಅನ್ಕಂಡೆ. ಎಂಟ್ನೂರು ಹೊತ್ಕೊಂಡು ಬರ್ತೈತೆ, ಕೊನೇ ತನಕ ಎಂಟ್ನೂರೇ ಇರ್ತೈತೆ ಅಂತ ಸೂತ್ರದೊಳಗೆ ಇಟ್ಬಿಟ್ಟೆ. ನಿಂತ್ರೆ ಇರಲ್ಲ ಅಂತ ಬಾಯಲ್ಲಿ ಹೇಳ್ತಿದ್ದೆ, ಕೈ ಅದನ್ನ ಕೇಳಿರ್ಲಿಲ್ಲ. ಓಟ ಇಳಿದಂಗೆ ಆ ಭಾರಾನೂ ಇಳೀತೈತೆ. ಅದನ್ನ ಇಳಿಸೋಕೂ ಕಂಬ ಬೇಕು. ಅಷ್ಟೇ. ಇಷ್ಟು ಸಣ್ಣದು."

"ಎಲ್ರೂ ಹಂಗೇ ಕಲ್ತಿದ್ವಿ ಅಪ್ಪಾ."

"ನಾನು ಕಲಿಸಿದ್ದಕ್ಕೆ ಕಲ್ತಿದ್ರಿ." ಅವನು ಚಪ್ಪಲಿ ಮೆಟ್ಟಿಕೊಂಡ. "ನಡಿ. ಸುದ್ದಿ ನಾನೇ ಹೇಳ್ತೀನಿ. ಕಾಗದದಲ್ಲಿ ಹೋದ್ರೆ ಅವಳು ನಂಬಲ್ಲ, ಅವಳ್ದು ಮೊದ್ಲಿಂದ ಅನುಮಾನದ ಬುದ್ಧಿ."

ಕೇಂದ್ರದಲ್ಲಿ ಜನ ಎದ್ದು ನಿಂತರು. ಅವರಲ್ಲಿ ಅರ್ಧಕ್ಕರ್ಧ 'ಹಳೇ ಸೂತ್ರ, ಹೊಸ ಭಾರ' ಕಲಿತವರು. ಅಲೆವೂರರು ಹಾಳೆ ಓದಿ ಮೊಹರು ಒತ್ತಿದರು. ಅಧಿಕೃತ ಸೂಚನೆಯ ಕೆಳಗೆ ಜಂಪಣ್ಣನ ದನಿ ಸೇರಿಸಿದರು. ಅವನು ಮೈಕಿನ ಮುಂದೆ, ಕಿವಿ ಮಂದವಿದ್ದವರು ಕೂಗುವ ಹಾಗೆ ಕೂಗಿ ಹೇಳಿದ:

"ಸೂರೀ, ನಾನು. ಕಂಬದ ಲೆಕ್ಕ ತಪ್ಪೈತೆ. ನಾಲ್ಕು ಲಕ್ಷ ಬೇಕಿತ್ತು, ಮೂರೇ ನೆಟ್ಟೀವಿ. ತಪ್ಪು ನಂದು, ಬೇರೆ ಯಾರ್ದೂ ಅಲ್ಲ. ನೂರು ಟನ್ ಚೆಲ್ಲಿ ಬಾ. ಏನು ಚೆಲ್ಲೋದು ಅಂತ ನೀವೇ ನೋಡ್ಕಳಿ. ಬಾ."

ಆಮೇಲೆ ಮೈಕನ್ನು ಮಗಳ ಕಡೆ ತಳ್ಳಿದ. ಹನುಮಕ್ಕ ಅದನ್ನು ನೋಡಿದಳು. ನಲವತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಅವಳು ಅಮ್ಮನಿಗೆ ದನಿ ಕಳಿಸಿರಲಿಲ್ಲ. ಏನು ಹೇಳುವುದು? ತಲೆ ಅಲ್ಲಾಡಿಸಿ ಮೈಕನ್ನು ವಾಪಸು ತಳ್ಳಿದಳು.

ಸುದ್ದಿ ಹೋಯಿತು. ಹೋಗಲು ಒಂಬತ್ತು ತಿಂಗಳು, ಉತ್ತರ ಬರಲು ಒಂಬತ್ತು ತಿಂಗಳು. ಅಷ್ಟು ದಿನ ಕಾಯುವುದಷ್ಟೇ ಕೆಲಸ.

ಕಾಯುವ ಕಾಲದಲ್ಲಿ ಊರು ಸುಮ್ಮನೆ ಇರುತ್ತದೆಯೇ. ಕಲ್ಲುಮಣ್ಣೆಲ್ಲ ಚೆಲ್ಲಿಹೋಗುತ್ತದೆ ಎಂದು ತಿಳಿದ ಮೇಲೆ ಪತ್ರಿಕೆಯವರು ಬಂದರು, ವಿಚಾರಣೆಯವರು ಬಂದರು, ದಾವಣಗೆರೆಯ ಖಾಲಿ ಕಟ್ಟಡದ ಚಿತ್ರ ಬಂತು. ಸಂತೆಯಲ್ಲಿ ಯಾರಾದರೂ ತೂಕದಲ್ಲಿ ಕಡಿಮೆ ಕೊಟ್ಟರೆ "ಇದೇನು ಜಂಪಣ್ಣನ ಲೆಕ್ಕವೇನಯ್ಯಾ" ಎನ್ನುವ ಮಾತು ಹುಟ್ಟಿತು. ಒಂದು ದಿನ ಕ್ಷೌರದಂಗಡಿಯಲ್ಲಿ, ಅವನು ಕುರ್ಚಿಯಲ್ಲಿ ಕೂತಿದ್ದು ಗೊತ್ತಿಲ್ಲದೆ ಯಾರೋ ಹಾಗೆ ಅಂದರು. ಕಿವಿ ಮಂದವಾದರೂ ಅದೊಂದು ಕೇಳಿಸಿತು. ಅವತ್ತಿನಿಂದ ಜಂಪಣ್ಣ ಪೇಟೆಗೆ ಹೋಗುವುದನ್ನು ಬಿಟ್ಟ. ಹನುಮಕ್ಕನೇ ಮನೆಯಲ್ಲಿ ಅವನ ಗಡ್ಡ ಹೆರೆಯುತ್ತಿದ್ದಳು. ಅವನು ಕಣ್ಣು ಮುಚ್ಚಿ ಮುಖ ಒಡ್ಡಿ ಕೂರುತ್ತಿದ್ದ.

"ಬೇಜಾರು ಮಾಡ್ಕಬೇಡ," ಅನ್ನುತ್ತಿದ್ದಳು ಅವಳು.

"ಬೇಜಾರಲ್ಲ, ಸುಸ್ತು," ಅನ್ನುತ್ತಿದ್ದ ಅವನು.

ವಿಚಾರಣೆಯಲ್ಲಿ ಹನುಮಕ್ಕನಿಗೆ ಬಡ್ತಿ ನಿಂತಿತು. ಅವಳಿಗೆ ಅದು ಅಂಥ ದೊಡ್ಡದಾಗಿ ಕಾಣಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದೇ: ಸುದ್ದಿ ಮುಟ್ಟಿತೋ, ಮುಟ್ಟಿದರೂ ಅವರು ಚೆಲ್ಲಲು ಒಪ್ಪಿದರೋ. ಇಪ್ಪತ್ನಾಲ್ಕು ವರ್ಷ ಕೊಟ್ಟು ತಂದದ್ದನ್ನು, ಇಲ್ಲಿ ಯಾರೋ ಲೆಕ್ಕ ತಪ್ಪಿದ್ದಕ್ಕೆ, ಕತ್ತಲೆಗೆ ಸುರಿಯಿರಿ ಎಂದರೆ ಯಾರು ತಾನೇ ಸುರಿಯುತ್ತಾರೆ. ಅವರ ಪಾಲಿಗೆ ಬುಟ್ಟಿ ಒಂದು ಗ್ರಾಮೂ ಹೆಚ್ಚು ಭಾರವಾಗಿಲ್ಲ. ಒಳಗೆ ಕೂತು ನೋಡಿದರೆ ಎಲ್ಲ ಹಗುರವಾಗಿಯೇ ಇದೆ. ಭಾರ ಕಂಡದ್ದು ಇಲ್ಲಿ ನಿಂತು ನೋಡುವವರಿಗೆ. ಅಮ್ಮ ಹೋದಾಗಲೂ ಹಾಗೇ ಆಗಿತ್ತಲ್ಲ ಎಂದು ಹನುಮಕ್ಕನಿಗೆ ಒಂದೆರಡು ಸಲ ಅನ್ನಿಸಿತು, ಆದರೆ ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಉತ್ತರ ಬಂದದ್ದು ಒಂದೂವರೆ ವರ್ಷವಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ಅಲೆವೂರರು ನಿವೃತ್ತರಾಗಿದ್ದರೂ ಯಾರೋ ಹೇಳಿ ಓಡಿಬಂದಿದ್ದರು. ಹನುಮಕ್ಕ ಜೀಪು ಕಳಿಸಿ ಅಪ್ಪನನ್ನು ಕರೆಸಿದಳು. ಬಂದವನು ಬಾಗಿಲ ಹತ್ತಿರದ ಬೆಂಚಿನ ಮೇಲೆ, ಹೊರಗಿನವನ ಹಾಗೆ ಕೂತ. ಅವನಿಗೆ ಕೇಳಿಸಲೆಂದು ಸ್ಪೀಕರಿನ ದನಿ ಹೆಚ್ಚಿಸಿದರು.

ಮೊದಲು ಹಡಗಿನ ಮುಖ್ಯಸ್ಥರ ವರದಿ. ಸುದ್ದಿ ತಲುಪಿದೆ. ಹನ್ನೊಂದು ಜನರೂ ಕೂತು ಒಂದು ಹಗಲು ಜಗಳವಾಡಿದ್ದಾರೆ. ಆಮೇಲೆ ಚೆಲ್ಲಿದ್ದಾರೆ. ಕಲ್ಲು ಅರವತ್ತೊಂದು ಟನ್, ಮಂಜುಗಡ್ಡೆ ಮೂವತ್ತು, ಮಣ್ಣು ಎಂಟು, ಉಳಿದದ್ದು ಸಾಮಾನು ಸರಂಜಾಮು. ಅಲ್ಲಿಂದ ತಂದದ್ದು ಏನೂ ಉಳಿದಿಲ್ಲ. ಇನ್ನೇನು ಮೊದಲ ಕಂಬ ಮುಟ್ಟುತ್ತೇವೆ. ವರದಿ ಮುಗಿಯಿತು.

ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಲೆವೂರರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಇನ್ನೊಂದು ದನಿ ಬಂತು, ಸ್ವಲ್ಪ ಒರಟು, ಹಿರಿಯೂರು ಸೀಮೆಯದೇ ಮಾತು.

"ಹನುಮಿ ಅಪ್ಪಾ, ನಿಮ್ಮ ಮಾತು ಕೇಳಿಸ್ತು. ಯಾಕೆ ಅಷ್ಟು ಕೂಗ್ತೀರ, ಕಿವಿ ಹೋಯ್ತಾ? ಎಲ್ಲ ಚೆಲ್ಲಿದ್ವಿ. ಚೆಲ್ಲುವಾಗ ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಇಲ್ಲಿ ಇಬ್ಬರು ನಿಮ್ಮನ್ನ ಬೈದ್ರು. ನಾನೂ ಬೈದೆ. ಆಮೇಲೆ ನಾನೇ ಮೊದ್ಲು ಎದ್ದು ನನ್ನ ಪೆಟ್ಟಿಗೆ ಎಸೆದೆ. ತಪ್ಪು ಒಪ್ಕಂಡು ಹೇಳಿದ್ರಲ್ಲ, ಇಲ್ಲಾಂದಿದ್ರೆ ನಮ್ಮ ಗತಿ ಏನಾಗ್ತಿತ್ತು."

ದನಿ ತಗ್ಗಿತು.

"ಒಂದು ವಿಷಯ ಐತೆ. ಇವರ್ಯಾರಿಗೂ ಹೇಳಿಲ್ಲ. ನೂರು ಟನ್ ಸರಿಯಾಗಿ ಚೆಲ್ಲಿಲ್ಲ, ಮುನ್ನೂರು ಗ್ರಾಂ ಕಡಿಮೆ ಐತೆ. ಹನುಮಿ ಸ್ಲೇಟು ನನ್ನ ಹತ್ರ ಐತೆ. ಹೊರಡೋವಾಗ ಅವಳ್ನ ಕೇಳದೆ ಚೀಲಕ್ಕೆ ಹಾಕ್ಕೊಂಡಿದ್ದೆ. ಎರಡರ ಮಗ್ಗಿ ಬರ್ದಿದ್ಲು, ಇಪ್ಪತ್ನಾಲ್ಕು ವರ್ಷ ನಾನು ಅದನ್ನ ಒರೆಸಿಲ್ಲ. ಎರಡು ಸಲ ಎಸೆಯೋಕೆ ಅಂತ ಬಾಗಿಲ ತನಕ ಹೋಗಿ ಬಂದೆ, ಆಗ್ಲಿಲ್ಲ. ಕಂಬ ಮೂರು ಲಕ್ಷ ಅಂತ ಪಟ್ಟಿಯಲ್ಲಿ ಐತೆ. ಆದ್ರೆ ನಿಮ್ಮನ್ನ ನಾನು ಬಲ್ಲೆ. ಅಳತೆ ಮುಗಿದ ಮೇಲೆ ಕೊಸರು ಹಾಕದೆ ಬಿಟ್ಟಿರಲ್ಲ ನೀವು. ಹಾಕಿದ್ದೀರ ಅಂತಲೇ ಇಟ್ಕಂಡೀನಿ. ಹಾಕಿಲ್ಲ ಅಂದ್ರೆ ಹೇಳಿಕಳ್ಸಿ, ಎಸೀತೀನಿ. ಹನುಮಿ ಯಾಕೆ ಮಾತಾಡ್ಲಿಲ್ಲ? ಸ್ಲೇಟಿಗೆ ಕೋಪ ಮಾಡ್ಕಂಡಿದ್ದಾಳಾ?"

ಅಲ್ಲಿಗೆ ಮುಗಿಯಿತು. ಆಮೇಲೆ ಸ್ಪೀಕರಿನಲ್ಲಿ ಸೊಯ್ಯೆನ್ನುವ ಸದ್ದು ಮಾತ್ರ.

ಹನುಮಕ್ಕನಿಗೆ ಅಂಗೈ ಉರಿದ ಹಾಗಾಯಿತು. ಅವಳು ಅಪ್ಪನ ಕಡೆ ತಿರುಗಿದಳು. ಜಂಪಣ್ಣ ಬೆಂಚಿನ ಮೇಲೆ ಕೂತಲ್ಲೇ ಅಳುತ್ತಿದ್ದ, ಮುಚ್ಚಿಕೊಳ್ಳದೆ, ಒರೆಸಿಕೊಳ್ಳದೆ. ಒಂದೂವರೆ ವರ್ಷದಲ್ಲಿ ಅವನು ಅತ್ತದ್ದು ಅದೇ ಮೊದಲು.

"ಒಂದು ಕಂಬಕ್ಕೆ ಒಂದು ಕೆ.ಜಿ.," ಅಂದ, ಅಳುತ್ತಲೇ. "ಮುನ್ನೂರು ಗ್ರಾಂ ಹೋದ್ರೆ ಎಷ್ಟು ಉಳೀತು, ಹೇಳು."

"ಏಳ್ನೂರು ಗ್ರಾಂ ಅಪ್ಪಾ."

"ನೀನೇ ಹೇಳು ಅವಳಿಗೆ. ನಾನು ಹೇಳಿದ್ರೆ ಮತ್ತೆ ಕೂಗ್ತೀನಿ ಅಂತಾಳೆ."

ಬುಟ್ಟಿ ಆಗಲೇ ಅರ್ಧಕ್ಕಿಂತ ಹೆಚ್ಚು ಕಂಬ ದಾಟಿತ್ತು. ಇನ್ನಾರು ತಿಂಗಳಿಗೆ ಇಲ್ಲಿರುತ್ತದೆ. ಹನುಮಕ್ಕ ಮಂಡಿ ಹಿಡಿದುಕೊಂಡು ಎದ್ದು, ಮೈಕಿನ ಮುಂದೆ ಕೂತಳು. ಅದನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಮ್ಮಾ, ನಾನು ಹನುಮಿ. ಅಪ್ಪ ಕೊಸರು ಹಾಕಿದಾರೆ. ಸ್ಲೇಟು ಎಸೀಬೇಡ, ತಗೊಂಡು ಬಾ."